ಬೇಸ್‌ಮೆಂಟಿನ ಆಯಿಲ್ ಟ್ಯಾಂಕ್: ತೇಪೆ ಸಾಕೇ, ಬದಲಿಸಬೇಕೇ?

ಪ್ರಶ್ನೆ:
ಮ್ಯಾಸಚೂಸೆಟ್ಸ್‌ನಲ್ಲಿ ನಾವು ಕೊಂಡಿರುವ ಹಳೆಯ ಮನೆಯ ಬೇಸ್‌ಮೆಂಟಿನಲ್ಲಿ 275 ಗ್ಯಾಲನ್‌ನ ಉಕ್ಕಿನ ಹೀಟಿಂಗ್ ಆಯಿಲ್ (ಮನೆಯನ್ನು ಬೆಚ್ಚಗಿಡಲು ಉರಿಸುವ ಎಣ್ಣೆ) ಟ್ಯಾಂಕ್ ಇದೆ. ಹೊರಮೈ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಆದರೆ ತಳದಲ್ಲಿ, ವಾಲ್ವ್‌ನಿಂದ ಒಂದು ಗೇಣು ದೂರದಲ್ಲಿ, ಎಷ್ಟು ಒರೆಸಿದರೂ ಎಣ್ಣೆಯ ಪಸೆ ಮತ್ತೆ ಮೂಡುತ್ತದೆ. ತೇಪೆ ಹಾಕಿಸಿ ಈ ಚಳಿಗಾಲವನ್ನು ಕಳೆಯಬಹುದೇ?

ಉತ್ತರ 1:
ತಳ ಒಸರುತ್ತಿದ್ದರೆ ದಯವಿಟ್ಟು ಕಾಯಬೇಡಿ. ಟ್ಯಾಂಕಿನೊಳಗಿನ ತೇವ ತಣಿದು ನೀರಾಗುತ್ತದೆ. ಆ ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕಿಳಿದು, ಗಸಿಯೊಡನೆ ಸೇರಿ, ಉಕ್ಕನ್ನು ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಆದ್ದರಿಂದ ಹೊರಗಿನ ಬಣ್ಣವನ್ನು ನಂಬುವಂತಿಲ್ಲ. ತೇಪೆಯೇನಿದ್ದರೂ ಹೊಸ ಟ್ಯಾಂಕ್ ಬರುವವರೆಗಿನ ಏರ್ಪಾಡು. ಖರ್ಚು ಹೆಚ್ಚಾದರೂ, ಒಳಗೆ ಪ್ಲಾಸ್ಟಿಕ್, ಹೊರಗೆ ಉಕ್ಕು ಇರುವ ಎರಡು ಪದರದ ಟ್ಯಾಂಕನ್ನೇ ನಾನು ಆರಿಸುತ್ತೇನೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಉಳಿದಿರುವ ಎಣ್ಣೆಯನ್ನು ಹೊಸದಕ್ಕೆ ತುಂಬಿಸಬಹುದೇ?

ಉತ್ತರ 2:
ಮೇಲಿನ ತಿಳಿ ಎಣ್ಣೆಯನ್ನು ಸೋಸಿ ತುಂಬಿಸಬಹುದು. ತಳದ ಗಸಿ ಮಾತ್ರ ಬೇಡ, ಅದು ಫಿಲ್ಟರನ್ನೂ ಬರ್ನರ್‌ನ ನಾಝಲನ್ನೂ ಮುಚ್ಚಿಬಿಡುತ್ತದೆ. ಕೆಲಸಕ್ಕೆ ಮುನ್ನ ಊರಿನ ಫೈರ್ ಡಿಪಾರ್ಟ್‌ಮೆಂಟಿನ ಪರ್ಮಿಟ್ ಇದೆಯೇ ಎಂದು ಗುತ್ತಿಗೆದಾರರನ್ನು ಕೇಳಿ. ಸಾಮಾನ್ಯ ಮನೆ ವಿಮೆ ಎಣ್ಣೆ ಸೋರಿಕೆಯನ್ನು ಹೆಚ್ಚಾಗಿ ಒಳಗೊಳ್ಳುವುದಿಲ್ಲವಾದ್ದರಿಂದ ಅದನ್ನೂ ಪ್ರತ್ಯೇಕವಾಗಿ ವಿಚಾರಿಸಿ.

ಉತ್ತರ 3:
ಇನ್ನೊಂದು ಮಾತು, ಇದನ್ನು ಹಲವರು ಮರೆಯುತ್ತಾರೆ. ಹೊಸ ಟ್ಯಾಂಕನ್ನು ಬೇರೆ ಮೂಲೆಯಲ್ಲಿ ಇಡಿಸುವುದಾದರೆ, ಹೊರಗಿನಿಂದ ಎಣ್ಣೆ ತುಂಬಿಸುವ ಹಳೆಯ ಫಿಲ್ ಪೈಪನ್ನು ಗೋಡೆಯಿಂದ ಪೂರ್ತಿ ಕಿತ್ತು ತೂತನ್ನು ಸಿಮೆಂಟಿನಿಂದ ಮುಚ್ಚಿಸಿ. ಇಲ್ಲವಾದರೆ ಎಣ್ಣೆ ಲಾರಿಯವರು ವಾಡಿಕೆಯಂತೆ ಅದಕ್ಕೇ ಮೆದುಗೊಳವೆ ಜೋಡಿಸಿ, ನೂರಾರು ಗ್ಯಾಲನ್ ಎಣ್ಣೆಯನ್ನು ನೇರವಾಗಿ ಬೇಸ್‌ಮೆಂಟಿನ ನೆಲಕ್ಕೆ ಸುರಿದಾರು.