ಬೀದಿ ಗುಡಿಸುವ ಅಕ್ಕಂದಿರಿಗೆ ನಮ್ಮ ಬೀದಿಯಿಂದ ಏನು ಮಾಡೋಣ?

ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ನಮ್ಮದು ಮೈಸೂರಿನ ಒಂದು ಅಡ್ಡರಸ್ತೆ. ದಿನಾ ಇಬ್ಬರು ಅಕ್ಕಂದಿರು ಗುಡಿಸುತ್ತಾರೆ, ಒಬ್ಬರು ಅಣ್ಣ ಕಸದ ಗಾಡಿ ತರುತ್ತಾರೆ. ಸಣ್ಣದಾಗಿ ಏನಾದರೂ ಮಾಡೋಣ ಅಂತ ಆಸೆ. ಶಾಲು, ಹಾರ, ಭಾಷಣ ಬೇಡ ಅನ್ನಿಸುತ್ತಿದೆ. ನಿಮ್ಮ ಕಡೆ ಏನು ಮಾಡಿದ್ದೀರಿ?

ಶಿವಮೊಗ್ಗದಿಂದ:
23ಕ್ಕೇ ಇಟ್ಟುಕೊಳ್ಳಬೇಡಿ. ಅವತ್ತು ಸಾಮಾನ್ಯವಾಗಿ ಪಾಲಿಕೆಯದ್ದೇ ಕಾರ್ಯಕ್ರಮ ಇರುತ್ತದೆ. ಒಂದು ದಿನ ಹಿಂದೆಮುಂದೆ ಮಾಡಿ, ಹೊತ್ತು ಅವರನ್ನೇ ಕೇಳಿ. ನಮ್ಮ ಬೀದಿಯ ಹಿರಿಯರು ಸಂಜೆ ಐದಕ್ಕೆ ಅಂದಿದ್ದರು. ನಸುಕಿನಲ್ಲೇ ಎದ್ದು ಬಂದು ಕೆಲಸ ಮುಗಿಸಿ ಹೋದವರು, ನಮ್ಮ ಖುಷಿಗೆ ಮತ್ತೆ ಬಸ್ ಹತ್ತಿ ಬರಬೇಕಾ? ಬೆಳಗ್ಗೆ ಅವರು ಟೀಗೆ ಕೂರುವ ಹೊತ್ತಲ್ಲೇ ಮುಗಿಸಿದೆವು.

ದಾವಣಗೆರೆಯಿಂದ:
ನಮ್ಮಮ್ಮ ಇದೇ ಕೆಲಸ ಮಾಡಿ ನಿವೃತ್ತಿಯಾದವರು. ಸನ್ಮಾನದ ಶಾಲುಗಳು ಟ್ರಂಕಿನಲ್ಲಿವೆ, ಯಾವುದು ಯಾರು ಹೊದಿಸಿದ್ದು ಅಂತ ಅಮ್ಮನಿಗೇ ನೆನಪಿಲ್ಲ. ಇವತ್ತಿಗೂ ಅವರು ಹೇಳುವುದು ಒಬ್ಬ ಅಜ್ಜಿಯ ವಿಷಯ. ಸಂಕ್ರಾಂತಿಗೆ ಬೇರೆ ಮನೆಯವರು ಕವರಿನಲ್ಲಿ ಹಾಕಿ ಗೇಟಿನ ಮೇಲಿಂದ ಕೊಡುತ್ತಿದ್ದರು. ಈ ಅಜ್ಜಿ ಒಳಗೆ ಕರೆದು ಕುರ್ಚಿ ಹಾಕುತ್ತಿದ್ದರು. ತಟ್ಟೆಯಲ್ಲಿ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು. ಮನೆಯವರು ಕುಡಿಯುವ ಸ್ಟೀಲ್ ಲೋಟದಲ್ಲೇ ಕಾಫಿ. ಅಪ್ಪ ತೀರಿಕೊಂಡ ಮೇಲೂ ಅರಿಶಿನ-ಕುಂಕುಮ, ಹೂವು ಕೊಡುವುದನ್ನು ನಿಲ್ಲಿಸಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ತಾಂಬೂಲ ಕೊಡುವುದಾದರೆ ಇಬ್ಬರಿಗೂ ಒಂದೇ ಥರ ಕೊಡಿ. ಗಂಡ ಇದ್ದಾರಾ ಇಲ್ವಾ ಅಂತ ನೋಡಬೇಡಿ. ಉಟ್ಟ ಸೀರೆ ಬೇಡವೇ ಬೇಡ. ಇನ್ನು ಫೋಟೊ. ಕೇಳದೆ ಎಲ್ಲೂ ಹಾಕಬೇಡಿ. ನನ್ನ ಕಾಲೇಜಿನವರು ನೋಡಿಬಿಟ್ಟಾರು ಅಂತ ಅಮ್ಮ ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದರು.

ಬೆಂಗಳೂರಿನಿಂದ:
ನಾವು ಮಾಡುವುದು ಆಯುಧಪೂಜೆಗೆ. ಆಟೊ ಟಿಪ್ಪರ್‌ಗೆ ಸೇವಂತಿಗೆ ಹಾರ, ಚಕ್ರಕ್ಕೆ ನಿಂಬೆಹಣ್ಣು, ಕಡ್ಲೆಪುರಿ ಪೊಟ್ಟಣ, ಒಂದು ಸ್ವೀಟ್ ಬಾಕ್ಸ್. ನಮ್ಮ ಕಾರು-ಬೈಕಿನ ಸಾಲಲ್ಲೇ ಅದನ್ನೂ ನಿಲ್ಲಿಸಿ ಮಂಗಳಾರತಿ. ಡ್ರೈವರ್ ಅಣ್ಣ ಹಿಂದಿನ ದಿನವೇ ಗಾಡಿ ತೊಳೆದು ತಂದಿರುತ್ತಾರೆ.

ಆದರೆ ಮರುದಿನದ ರಸ್ತೆ ನೋಡಿದ್ದೀರಲ್ಲ? ಒಡೆದ ಬೂದುಗುಂಬಳ, ಅಪ್ಪಚ್ಚಿಯಾದ ನಿಂಬೆಹಣ್ಣು, ಬಾಳೆಕಂದು. ಕುಂಕುಮ ಕಲಸಿದ ತಿರುಳು ಟಾರಿಗೆ ಅಂಟಿಕೊಂಡರೆ ಪೊರಕೆಗೆ ಬರುವುದಿಲ್ಲ, ಕೆರೆಯಬೇಕು. ಹಾರ ಹಾಕಿದ ಮರುದಿನ ಅವರಿಗೆ ಈ ಉಡುಗೊರೆ! ಈಗ ನಮ್ಮ ಬೀದಿಯಲ್ಲಿ ಕುಂಬಳಕಾಯಿ ಒಡೆದವರೇ ಬಾಚಿ ಹಸಿ ಕಸಕ್ಕೆ ಹಾಕುತ್ತೇವೆ. ಸ್ಯಾನಿಟರಿ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆ ಕೊಡುತ್ತೇವೆ. ಹಾರಕ್ಕಿಂತ ಅಕ್ಕಂದಿರು ಮೆಚ್ಚಿಕೊಂಡದ್ದು ಇದನ್ನೇ, ಕೇಳಿ ನೋಡಿ.

ಹುಬ್ಬಳ್ಳಿಯಿಂದ:
ಎಲ್ಲಾ ಸರಿ, ರೊಕ್ಕಾನೂ ಕೊಡ್ರಿ. ಭಕ್ಷೀಸು ಅನ್ನಿಸುತ್ತದೆ ಅಂತ ಮುಜುಗರ ಯಾಕೆ? ಮಕ್ಕಳ ಫೀಸು, ಮನೆ ಬಾಡಿಗೆ ಅವರಿಗೂ ಇರುತ್ತವೆ. ಮನೆಗಿಷ್ಟು ಅಂತ ಕೂಡಿಸಿ, ಮೂವರಿಗೂ ಸಮ ಹಂಚಿ, ಲಕೋಟೆ ಮೇಲೆ ಹೆಸರು ಬರೆಯಿರಿ. ಹೆಸರು ಗೊತ್ತಿಲ್ಲ ಅಂದರೆ ಇವತ್ತೇ ಕೇಳಿಕೊಳ್ಳಿ. ಮೇಸ್ತ್ರಿ ಕೈಲಿ ಕೊಟ್ಟು ಕಳಿಸಬೇಡಿ, ಅವರವರ ಕೈಗೇ ಕೊಡಿ. ರಜೆಯಲ್ಲಿದ್ದವರ ಪಾಲು ತೆಗೆದಿಡಿ.

ಪ್ರಶ್ನೆ ಕೇಳಿದವರು:
ಲಕೋಟೆಗೆ ಮೊದಲು ಒಪ್ಪಿರಲಿಲ್ಲ, ಈಗ ಸರಿ ಅನ್ನಿಸುತ್ತಿದೆ. 22ರ ಬೆಳಗ್ಗೆ ಟೀ ಹೊತ್ತಿಗೆ ಮೂಲೆಮನೆಯ ಜಗಲಿಯಲ್ಲಿ ಸೇರುತ್ತೇವೆ. ಫೋಟೊ ಇಲ್ಲ. ಮೈಸೂರು ಪಾಕ್ ತರಿಸೋಣ ಅಂದುಕೊಂಡಿದ್ದೇವೆ.

ಶಿವಮೊಗ್ಗದಿಂದ ಮತ್ತೆ:
ಮೈಸೂರು ಪಾಕ್ ಕಟ್ಟಿಕೊಡಿ, ಮನೆಗೆ ಒಯ್ಯುತ್ತಾರೆ. ಆ ಹೊತ್ತಿಗೆ ಬೇಕಾದ್ದು ತಿಂಡಿ. ಇಡ್ಲಿಯೋ ಖಾರಾಭಾತೋ ಬಿಸಿಬಿಸಿ ಮಾಡಿಸಿ, ಕೈ ತೊಳೆಯಲು ನೀರು-ಸೋಪು ಜಗಲಿಯಲ್ಲೇ ಇಡಿ. ನೀವೂ ಜೊತೆಗೆ ಕೂತು ತಿನ್ನಿ.