ಪೋಲೋ ಮ್ಯುಟೆಂಟ್: ಲಾರ್ವಾ ಮಿದುಳಿನ ಕೋಶಗಳೆಲ್ಲ ನಾರ್ಮಲ್ ಕಾಣುತ್ತಿವೆ, ಯಾಕೆ?

ನೊಣದ ಸೀಸೆ:
ನಮಸ್ಕಾರ. ಹಣ್ಣಿನ ನೊಣದಲ್ಲಿ ಕೋಶ ವಿಭಜನೆ ಓದುತ್ತಿದ್ದೇನೆ. ವಿಭಜನೆಗೆ ಬೇಕಾದ ಪೋಲೋ ಜೀನಿನ ಒಂದು ಲೀಥಲ್ ಅಲೀಲ್ (ಎರಡೂ ಪ್ರತಿ ಹಾಗಿದ್ದರೆ ನೊಣ ಸಾಯುವ ರೂಪ), ಟಿಎಂ3 ಎಸ್‌ಬಿ ಬ್ಯಾಲೆನ್ಸರ್ (ಆ ಅಲೀಲ್ ಕಳೆಯದಂತೆ ಕಾಯುವ, ಗುರುತಿರುವ ಕ್ರೋಮೋಸೋಮ್) ಜೊತೆಗಿರುವ ಸ್ಟಾಕ್ (ಸಾಕುವ ತಳಿ). 25 ಡಿಗ್ರಿಯಲ್ಲಿ ಬೆಳೆಸುತ್ತೇನೆ. ಸೀಸೆಯ ಗೋಡೆ ಹತ್ತಿದ ಮೂರನೇ ಹಂತದ ಲಾರ್ವಾ ಆರಿಸಿ, ಮಿದುಳು ಬಿಡಿಸಿ, ಕಾಲ್ಚಿಸಿನ್ (ವಿಭಜನೆ ನಿಲ್ಲಿಸಲು), ಸೋಡಿಯಂ ಸಿಟ್ರೇಟ್ (ಕೋಶ ಉಬ್ಬಿಸಲು), ಅಸಿಟೋ-ಆರ್ಸಿನ್ (ಬಣ್ಣ) ಎಲ್ಲ ಆದಮೇಲೆ ಸ್ಕ್ವಾಶ್ (ಗಾಜಿನಡಿ ಒತ್ತಿ ಹರಡುವುದು). ಸ್ಲೈಡ್ ಚೆನ್ನಾಗೇ ಬರುತ್ತದೆ. ಎಂಟೂ ಕ್ರೋಮೋಸೋಮ್ ಎಣಿಸಬಹುದು, ಚುಕ್ಕಿಯಂಥ ನಾಲ್ಕನೇ ಜೋಡಿ ಕೂಡ ಕಾಣುತ್ತದೆ. ಆದರೆ ದೋಷ ಮಾತ್ರ ಎಲ್ಲೂ ಇಲ್ಲ. ಅಲೀಲ್ ಕಳೆದುಹೋಗಿದೆಯಾ?

ಹಳೇ ಮೈಕ್ರೋಸ್ಕೋಪ್:
ಅಲೀಲ್ ಮೇಲೆ ಈಗಲೇ ಅನುಮಾನ ಬೇಡ. ಲಾರ್ವಾ ಹೇಗೆ ಆರಿಸುತ್ತೀರಿ ಅನ್ನುವುದನ್ನು ಮೊದಲು ನೋಡಿ. ಎಸ್‌ಬಿ, ಅಂದರೆ ಸ್ಟಬಲ್, ಬೆಳೆದ ನೊಣದ ಮೋಟು ರೋಮದಲ್ಲಿ ಮಾತ್ರ ಕಾಣುತ್ತದೆ. ಲಾರ್ವಾದಲ್ಲಿ ಯಾವುದು ಮ್ಯುಟೆಂಟ್, ಯಾವುದು ಹೆಟೆರೋಜೈಗಸ್ (ಒಂದು ಪ್ರತಿ ಮಾತ್ರ ಕೆಟ್ಟದ್ದು) ಅಂತ ಅದರಿಂದ ಹೇಳಲು ಆಗುವುದಿಲ್ಲ. ಎರಡೂ ಕಡೆ ಟಿಎಂ3 ಇರುವವು ಮೊದಲೇ ಸಾಯುತ್ತವೆ. ಹಾಗಾಗಿ ಉಳಿದ ಮೂರರಲ್ಲಿ ಒಂದು ಮ್ಯುಟೆಂಟ್ ಇರಬೇಕು, ಅದು ಲೆಕ್ಕ. ಆದರೆ ಇಂಥ ಮ್ಯುಟೆಂಟ್‌ಗಳು ನಿಧಾನವಾಗಿ ಬೆಳೆಯುತ್ತವೆ. ಮೊದಲು ಗೋಡೆ ಹತ್ತಿದ ಗಟ್ಟಿಮುಟ್ಟಾದವನ್ನೇ ತೆಗೆದರೆ ಹೆಟೆರೋಜೈಗಸ್ಸೇ ಜಾಸ್ತಿ ಸಿಗುತ್ತವೆ.

ವಿಭಜನೆಗೇ ಬೇಕಾದ ಜೀನ್ ಕೆಟ್ಟರೂ ಲಾರ್ವಾ ಇಷ್ಟು ದೂರ ಬರುವುದು ಹೇಗೆ? ತಾಯಿ ನೊಣ ಮೊಟ್ಟೆಯೊಳಗೆ ಒಳ್ಳೆಯ ಪೋಲೋ ಇಟ್ಟಿರುತ್ತದೆ, ಭ್ರೂಣಕ್ಕೆ ಅದೇ ಆಧಾರ. ಆಮೇಲೆ ಲಾರ್ವಾದ ಬಹುಪಾಲು ಕೋಶಗಳು ವಿಭಜನೆ ಆಗುವುದೇ ಇಲ್ಲ. ಡಿಎನ್ಎ ಮಾತ್ರ ಮತ್ತೆ ಮತ್ತೆ ಪ್ರತಿಯಾಗುತ್ತದೆ, ಕೋಶ ದೊಡ್ಡದಾಗುತ್ತದೆ. ಜೊಲ್ಲುಗ್ರಂಥಿಯ ದೈತ್ಯ ಕ್ರೋಮೋಸೋಮ್ ಆಗುವುದೂ ಹೀಗೇ. ವಿಭಜನೆ ಬೇಕಿರುವುದು ಮುಖ್ಯವಾಗಿ ಮಿದುಳಿಗೆ ಮತ್ತು ಮುಂದೆ ರೆಕ್ಕೆ, ಕಾಲು ಆಗುವ ಇಮ್ಯಾಜಿನಲ್ ಡಿಸ್ಕ್‌ಗಳಿಗೆ. ಅದಕ್ಕೇ ಇವು ಪ್ಯೂಪಾ ಆಗುವ ಹೊತ್ತಿನವರೆಗೂ ಬದುಕಿರುತ್ತವೆ. ಮನುಷ್ಯರಲ್ಲಿ ಪೋಲೋಗೆ ಸಮಾನವಾದ ಪಿಎಲ್‌ಕೆ1ರಂಥ ಜೀನಿನ ಕೆಲಸವನ್ನು ನಾವು ಇಲ್ಲಿ ಕಣ್ಣಾರೆ ನೋಡಲು ಆಗುವುದು ಇದರಿಂದಲೇ. ಬಿಡಿಸುವಾಗ ಡಿಸ್ಕ್ ಗಮನಿಸಿ. ತೀರಾ ಸಣ್ಣದಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಆ ಮಿದುಳನ್ನು ಬಿಡಬೇಡಿ.

ಸರಿಯಾದ ಪರಿಹಾರ ಟಿಎಂ6ಬಿ ಟಿಬಿ ಅನ್ನುವ ಬೇರೆ ಬ್ಯಾಲೆನ್ಸರ್. ಟಬ್ಬಿ ಗುರುತು ಲಾರ್ವಾದಲ್ಲೇ ಕಾಣುತ್ತದೆ: ಗಿಡ್ಡ, ದಪ್ಪ. ಉದ್ದನೆಯವೇ ನಿಮ್ಮ ಮ್ಯುಟೆಂಟ್. ಟಿಎಂ6ಬಿ ಇರುವ ನೊಣದ ಜೊತೆ ಕ್ರಾಸ್ ಮಾಡಿ. ಮಕ್ಕಳಲ್ಲಿ ಹ್ಯೂಮರಲ್ (ಭುಜದ) ರೋಮ ಜಾಸ್ತಿ ಇರುವ (ಅದು ಟಿಎಂ6ಬಿ ಗುರುತು), ಸ್ಟಬಲ್ ಇಲ್ಲದ ಗಂಡು-ಹೆಣ್ಣನ್ನು ಆರಿಸಿ ಹೊಸ ಸ್ಟಾಕ್ ಕಟ್ಟಿ.

ಸ್ಪಿಂಡಲ್:
ಇನ್ನೊಂದು ಮಾತು. ಪೋಲೋ ಮ್ಯುಟೆಂಟ್‌ನಲ್ಲಿ ಕೆಡುವುದು ಮುಖ್ಯವಾಗಿ ಸ್ಪಿಂಡಲ್ (ಕ್ರೋಮೋಸೋಮ್‌ಗಳನ್ನು ಎಳೆಯುವ ನಾರುಗಳ ಕದಿರು) ಮತ್ತು ಅದರ ತುದಿಗಳು. ಕಾಲ್ಚಿಸಿನ್ ಹಾಕಿದರೆ ಸ್ಪಿಂಡಲ್ಲೇ ಇರುವುದಿಲ್ಲ, ಅನಾಫೇಸ್ (ಕ್ರೋಮೋಸೋಮ್ ಬೇರ್ಪಡುವ ಹಂತ) ಸಿಗುವುದಿಲ್ಲ. ಕ್ರೋಮೋಸೋಮ್ ಎಣಿಸಲು ಅದು ಬೇಕು, ನಿಜ. ಅನಾಫೇಸ್ ಎಣಿಸುವ ಸ್ಲೈಡಿಗೆ ಕಾಲ್ಚಿಸಿನ್ ಬೇಡ, ಸಿಟ್ರೇಟೂ ಬೇಡ. ನೇರ ಫಿಕ್ಸ್ ಮಾಡಿ.

ನೊಣದ ಸೀಸೆ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ! ಹೊಸ ಸ್ಟಾಕ್ ಕಟ್ಟಿದೆ. ಉದ್ದನೆಯ ಲಾರ್ವಾಗಳಲ್ಲಿ ಡಿಸ್ಕ್ ನಿಜವಾಗಿಯೂ ಪುಟ್ಟದು. ಮಿದುಳಿನಲ್ಲಿ ವಿಭಜನೆಯಲ್ಲೇ ನಿಂತ ಕೋಶಗಳು ಜಾಸ್ತಿ, ಕೆಲವದರಲ್ಲಿ ಕ್ರೋಮೋಸೋಮ್ ಎಂಟಕ್ಕಿಂತ ಎಷ್ಟೋ ಹೆಚ್ಚು. ಆದರೆ ಒಂದು ಸೀಸೆಯಲ್ಲಿ ಟಬ್ಬಿ ಯಾವುದು, ಉದ್ದ ಯಾವುದು ಅಂತ ತಿಳಿಯುತ್ತಿಲ್ಲ.

ಹಳೇ ಮೈಕ್ರೋಸ್ಕೋಪ್:
ಆ ಸೀಸೆಯಲ್ಲಿ ಮೊಟ್ಟೆ ಜಾಸ್ತಿ ಆಗಿರಬೇಕು, ಅಲ್ವಾ? ಆಹಾರ ಸಾಲದೆ ಎಲ್ಲವೂ ಸಣ್ಣಗಾದರೆ ಆಕಾರ ನೋಡಿ ಹೇಳುವುದು ಕಷ್ಟ. ತಾಯಿ ನೊಣಗಳನ್ನು ಬೇಗ ಬೇಗ ಹೊಸ ಸೀಸೆಗೆ ದಾಟಿಸಿ, ಮೇಲೆ ಸ್ವಲ್ಪ ಯೀಸ್ಟ್ ಹಾಕಿ. ಮ್ಯುಟೆಂಟ್ ತಡವಾಗಿ ಬರುತ್ತದೆ ಅಂತ ಗೊತ್ತಲ್ಲ, ಆ ಸೀಸೆಯನ್ನು ಇನ್ನೂ ಎಸೆಯಬೇಡಿ.