ಸಹಾಯ ಬೇಕು: ಕಾಲಿನ ಆಪರೇಷನ್ ನಂತರವೂ ನೋವು, ಕೈಯಿಂದ ಚಿಕಿತ್ಸೆ ಕೊಡುವ ಫಿಸಿಯೋ ಮೈಸೂರಲ್ಲಿ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ಅಮ್ಮ ಕಳೆದ ಮಳೆಗಾಲದಲ್ಲಿ ಜಾರಿ ಬಿದ್ದು ಬಲಗಾಲಿನ ಹರಡಿನ (ಪಾದ ಸೇರುವ ಕೀಲಿನ) ಹತ್ತಿರ ಮೂಳೆ ಮುರಿದಿತ್ತು. ಪ್ಲೇಟ್, ಸ್ಕ್ರೂ ಹಾಕಿದ್ದಾರೆ. ಮೂಳೆ ಚೆನ್ನಾಗಿ ಕೂಡಿದೆ, ಸೋಂಕಿಲ್ಲ ಅಂತ ಎಕ್ಸ್‌ರೇ ನೋಡಿದ ಡಾಕ್ಟರ್ ಹೇಳಿದ್ದಾರೆ. ನೋವು ಮಾತ್ರ ಬಿಟ್ಟಿಲ್ಲ.

ಬೆಳಿಗ್ಗೆ ಎದ್ದ ತಕ್ಷಣ ಕಾಲೂರೋಕೆ ಆಗಲ್ಲ. ಮೆಟ್ಟಿಲು ಇಳಿಯುವಾಗ ಹರಡು ಬಗ್ಗೋದೇ ಇಲ್ಲ, ಕಂಬಿ ಹಿಡಿದು ಅಡ್ಡಡ್ಡವಾಗಿ ಇಳಿಯುತ್ತಾರೆ. ಹೊಲಿಗೆ ಹಾಕಿದ ಜಾಗದ ಚರ್ಮ ಒಳಗೆ ಅಂಟಿಕೊಂಡ ಹಾಗಿದೆ, ಬೆರಳಿಟ್ಟು ಸರಿಸಿದರೂ ಜರುಗಲ್ಲ. ಹೊರಬದಿಯಲ್ಲಿ ಕಿರುಬೆರಳಿನವರೆಗೆ ಜುಮ್ಮೆನ್ನುತ್ತೆ.

ಈಗ ಹೋಗುತ್ತಿರುವ ಕಡೆ ಕರೆಂಟ್ ಮಷಿನ್ ಹಚ್ಚಿ, ರಬ್ಬರ್ ಬ್ಯಾಂಡ್ ಕೊಟ್ಟು ಕೂರಿಸುತ್ತಾರೆ. ಕಾಲು ಮುಟ್ಟಿ ನೋಡೋದೇ ಕಡಿಮೆ! ಕೀಲನ್ನು ಕೈಯಲ್ಲಿ ಹಿಡಿದು ಹರಡಿನೊಳಗಿನ ಟೇಲಸ್ ಅನ್ನೋ ಮೂಳೆಯನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ ಸಡಿಲ ಮಾಡುವವರು, ಗಾಯದ ಕಲೆಗೆ ಮಸಾಜ್ ಮಾಡಲು ಗೊತ್ತಿರುವವರು ಬೇಕು. ಆಪರೇಷನ್ ಮಾಡಿದ ಡಾಕ್ಟರ್ ಒಪ್ಪಿದ್ದಾರೆ. ಜೊತೆಗೆ ವ್ಯಾಯಾಮವನ್ನೂ ಬಿಡಬಾರದು ಅಂದಿದ್ದಾರೆ, ಅದು ನಡೀತಿದೆ.

ಕುವೆಂಪುನಗರ, ಸರಸ್ವತಿಪುರಂ ಕಡೆಯವರಾದರೆ ಒಳ್ಳೆಯದು. ಬಿಪಿಟಿ ಅಥವಾ ಎಂಪಿಟಿ (ಫಿಸಿಯೋಥೆರಪಿ ಡಿಗ್ರಿ) ಓದಿರಲೇಬೇಕು. ಅಮ್ಮನಿಗೆ ಸಂಕೋಚ ಜಾಸ್ತಿ, ಮಹಿಳೆಯಾದರೆ ಇನ್ನೂ ಅನುಕೂಲ. ನಾಟಿ ಕಟ್ಟು, ಎಣ್ಣೆ ಹಚ್ಚಿ ಎಳೆಯೋದು ದಯವಿಟ್ಟು ಹೇಳಬೇಡಿ, ಒಳಗೆ ಪ್ಲೇಟ್ ಇದೆ ಅಲ್ವಾ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿ ಗುಣವಾಗಿದ್ದರೆ ಎಷ್ಟು ವಾರ ಹಿಡಿಯಿತು, ಒಂದು ಸಲಕ್ಕೆ ಎಷ್ಟು ತಗೊಂಡರು ಅಂತ ತಿಳಿಸಿ. ಹೆಸರು, ನಂಬರ್ ಇನ್‌ಬಾಕ್ಸ್‌ಗೆ ಕಳಿಸಿದರೆ ಸಾಕು.